ಬಂಡೆಯ ಮುಂದೆ ನಿಂತು ಭೂಮಿಯ ಚರಿತ್ರೆ ಓದುವುದು ಹೇಗೆ?

ಬಾದಾಮಿಯ ಮೊದಲನೇ ಗುಹೆಗೆ ಮೆಟ್ಟಿಲು ಹತ್ತಿದವರೆಲ್ಲ ಹದಿನೆಂಟು ಕೈಗಳ ನಟರಾಜನ ಮುಂದೆ ನಿಲ್ಲುತ್ತಾರೆ. ನಿಲ್ಲಲೇಬೇಕು. ಕಣ್ತುಂಬ ನೋಡಿ ಆದಮೇಲೆ ಒಂದೈದು ನಿಮಿಷ ಆ ಕೆಂಪು ಗುಡ್ಡದ ಕಲ್ಲನ್ನೂ ನೋಡಿ. ಮಟ್ಟಸವಾಗಿ ಸಾಗುವ ದಪ್ಪ ಪದರಗಳಿವೆ. ಕೆಲವು ಪದರಗಳ ಒಳಗೆ ಓರೆಯಾಗಿ ಎಳೆದಂಥ ಸಣ್ಣ ಗೆರೆಗಳಿವೆ. ಗುಡ್ಡದ ಮೇಲೆ ಅಡ್ಡಾಡಿದರೆ, ಹೊಳೆ ಇಳಿದಮೇಲೆ ಮರಳಿನಲ್ಲಿ ಉಳಿಯುವಂಥ ಅಲೆಗುರುತು ಕಲ್ಲಿನ ಮೈಮೇಲೆ ಸಿಗುತ್ತದೆ. ಚಾಲುಕ್ಯರ ಶಿಲ್ಪಿಗಳು 6ನೇ ಶತಮಾನದಲ್ಲಿ ಉಳಿ ಹಿಡಿದು ಬರುವ ಹೊತ್ತಿಗೇ ಆ ಅಲೆಗಳಿಗೆ ಕೋಟ್ಯಂತರ ವರ್ಷ ವಯಸ್ಸಾಗಿತ್ತು. ಇಲ್ಲಿ ನೀರು ಹರಿಯುತ್ತಿತ್ತು ಎಂಬುದು, ಅದು ಯಾವ ಕಡೆಗೆ ಹರಿಯುತ್ತಿತ್ತು ಎಂಬುದು ಆ ಕಲ್ಲಿನಲ್ಲೇ ಇದೆ.

ಅದನ್ನು ಓದುವುದಕ್ಕೆ ಭೂವಿಜ್ಞಾನಿಗಳು ಸುಮಾರು 350 ವರ್ಷಗಳಿಂದ ಕಟ್ಟಿಕೊಂಡು ಬಂದ ಒಂದು ಪದ್ಧತಿ ಇದೆ. ಅದರ ಹೆಚ್ಚಿನ ಭಾಗಕ್ಕೆ ಪ್ರಯೋಗಾಲಯ ಬೇಡ, ಕಾಲು ಮತ್ತು ಕಣ್ಣು ಸಾಕು. ಹುಡುಗರನ್ನು ಕಲ್ಲು ನೋಡಲು ಕರೆದುಕೊಂಡು ಹೋದಾಗಲೆಲ್ಲ ನಾನು ಮೊದಲು ಹೇಳುವ ಮಾತು ಒಂದೇ. ಕಲ್ಲನ್ನು ಕೈಗೆತ್ತಿಕೊಂಡು “ಇದು ಯಾವ ಕಲ್ಲು, ಎಷ್ಟು ಹಳೆಯದು?” ಎಂದು ಕೇಳಬೇಡಿ. ಎತ್ತುವುದಕ್ಕೆ ಮೊದಲು ಅದು ಯಾವುದರ ಮೇಲೆ ಕೂತಿದೆ, ಯಾವುದರ ಕೆಳಗೆ ಸಿಕ್ಕಿಕೊಂಡಿದೆ, ಯಾವುದನ್ನು ಸೀಳಿಕೊಂಡು ಬಂದಿದೆ ಎಂದು ನೋಡಿ. ಕ್ರಮ ಮೊದಲು, ವಯಸ್ಸು ಆಮೇಲೆ. ಜಾಗ ಬಿಟ್ಟುಬಂದ ಕಲ್ಲು ಹೇಳುವುದು ಅರ್ಧ ಕಥೆ ಮಾತ್ರ.

ಹೊರಡುವ ಮೊದಲು

ಒಂದು ನೋಟ್‌ಬುಕ್, ಪೆನ್ಸಿಲ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಲೆನ್ಸ್, ಸ್ಥಳ ಗುರುತಿಸಲು ಫೋನು. ಪದರ ಎಷ್ಟು ಡಿಗ್ರಿ ವಾಲಿದೆ ಎಂದು ಅಳೆಯುವ ಕ್ಲೈನೋಮೀಟರ್ ಕೂಡ ಈಗ ಫೋನಿನಲ್ಲೇ ಸಿಗುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಭೂಕೋಶ್ ಜಾಲತಾಣದಲ್ಲಿ ನಿಮ್ಮ ತಾಲ್ಲೂಕಿನ ಶಿಲಾ ನಕ್ಷೆ ನೋಡಿಕೊಂಡು ಹೋದರೆ ಅರ್ಧ ಕೆಲಸ ಆದಂತೆ.

ಸುತ್ತಿಗೆಯ ವಿಷಯದಲ್ಲಿ ನನ್ನದು ಕಟ್ಟುನಿಟ್ಟು. ಸ್ಮಾರಕಗಳಲ್ಲಿ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಫಲಕ ಹಾಕಿದ ಕಡೆಗಳಲ್ಲಿ ಸುತ್ತಿಗೆ ಚೀಲದಿಂದ ಹೊರಗೇ ಬರಬಾರದು. ಕಲಿಯುವವರಿಗೆ ರಸ್ತೆ ಕಡಿದ ಜಾಗ, ಬಾವಿ ತೋಡಿದ ಮಣ್ಣು, ಒಡೆಯರ ಅನುಮತಿ ಕೇಳಿ ಒಳಗೆ ಹೋದ ಕ್ವಾರಿ ಬೇಕಾದಷ್ಟಾಯಿತು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಪೆನ್ನೋ ನಾಣ್ಯವೋ ಇಡಿ. ಇಲ್ಲದಿದ್ದರೆ ಮನೆಗೆ ಬಂದಮೇಲೆ ಅದು ಅಂಗೈಯಗಲದ ಮಡಿಕೆಯೋ ಆನೆಯಷ್ಟು ದೊಡ್ಡದೋ ನಿಮಗೇ ಗೊತ್ತಾಗುವುದಿಲ್ಲ.

ಹೆಜ್ಜೆ 1: ದೂರದಿಂದ ಒಂದು ಚಿತ್ರ, ಹತ್ತಿರದಿಂದ ಒಂದು ನೋಟ

ಬಂಡೆಗೆ ಮುಗಿಬೀಳಬೇಡಿ. ಇಪ್ಪತ್ತು ಮೂವತ್ತು ಹೆಜ್ಜೆ ಹಿಂದೆ ನಿಂತು ಕಂಡದ್ದನ್ನು ಗೆರೆಗಳಲ್ಲಿ ಬರೆದುಕೊಳ್ಳಿ. ಚಿತ್ರ ಚೆನ್ನಾಗಿ ಬರಬೇಕೆಂದಿಲ್ಲ. ಫೋಟೋ ಎಲ್ಲವನ್ನೂ ಹಿಡಿದುಬಿಡುತ್ತದೆ, ಕೈಯಲ್ಲಿ ಬರೆಯುವಾಗ ಮಾತ್ರ ಯಾವ ಗೆರೆ ಮುಖ್ಯ ಎಂದು ನೀವೇ ತೀರ್ಮಾನಿಸಬೇಕಾಗುತ್ತದೆ. ಪದರ ಎಲ್ಲಿ ವಾಲಿದೆ, ಎಲ್ಲಿ ತುಂಡಾಗಿದೆ, ಬಣ್ಣ ಎಲ್ಲಿ ಬದಲಾಗಿದೆ?

ಆಮೇಲೆ ಹತ್ತಿರ ಹೋಗಿ ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹಿಡಿದು ಕಲ್ಲನ್ನು ಅದರ ಬಳಿಗೆ ತನ್ನಿ. ಹರಳುಗಳು ಸಂದಿಲ್ಲದೆ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಅದು ಕರಗಿದ ಶಿಲಾಪಾಕ ತಣಿದು ಆದ ಅಗ್ನಿಶಿಲೆ. ರಾಮನಗರದ ಗ್ರಾನೈಟಿನಲ್ಲಿ ಕಾಣುವ ದೊಡ್ಡ ದೊಡ್ಡ ಗುಲಾಬಿ ಹರಳುಗಳು ನೆಲದಾಳದಲ್ಲಿ ನಿಧಾನವಾಗಿ ತಣಿದದ್ದರ ಗುರುತು. ಹರಳೇ ಕಾಣದ ಕಪ್ಪು ಬಸಾಲ್ಟ್ ಮೇಲೆ ಹರಿದು ಬೇಗ ತಣಿದ ಲಾವಾ. ಕಣಗಳು ಬೇರೆಬೇರೆಯಾಗಿದ್ದು ನಡುವೆ ಅಂಟು ಕಂಡರೆ ಅದು ಮರಳುಗಲ್ಲಿನಂಥ ಜಲಜಶಿಲೆ. ಖನಿಜಗಳು ಒಂದೇ ದಿಕ್ಕಿಗೆ ಸಾಲುಗಟ್ಟಿ, ಕಲ್ಲು ಹಾಳೆಹಾಳೆಯಾಗಿ ಏಳುವಂತಿದ್ದರೆ ಬಿಸಿಗೂ ಒತ್ತಡಕ್ಕೂ ಸಿಕ್ಕಿ ರೂಪಾಂತರಗೊಂಡ ಶಿಲೆ. ಬೇಲೂರು ಹಳೇಬೀಡಿನ ಬಳಪದ ಕಲ್ಲು ಈ ಜಾತಿಯದು. ಸುಣ್ಣಕಲ್ಲು ಹೌದೋ ಅಲ್ಲವೋ ಎಂಬ ಅನುಮಾನ ಬಂದರೆ ಒಂದು ಹನಿ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಬಿಡಿ. ಮನೆಯಲ್ಲಿ ಹಾಸಿರುವ ಶಹಾಬಾದ್ ಫರಸಿಯ ಚೂರಿನ ಮೇಲೆ ಬಿಟ್ಟು ನೋಡಿದರೆ ಬುಸ್ಸೆಂದು ನೊರೆ ಬರುತ್ತದೆ.

ಹೆಜ್ಜೆ 2: ಮೇಲು ಯಾವುದು, ಕೆಳಗು ಯಾವುದು?

ಡೆನ್ಮಾರ್ಕಿನ ನಿಕೊಲಸ್ ಸ್ಟೆನೊ 1669ರಲ್ಲಿ ಹೇಳಿದ ಸೂತ್ರ ಈಗಲೂ ಈ ವಿದ್ಯೆಯ ಬುನಾದಿ. ಪದರಗಳು ಬಿದ್ದಾಗ ಮಟ್ಟಸವಾಗಿ ಬೀಳುತ್ತವೆ, ಕೆಳಗಿನದು ಮೊದಲು ಬಿದ್ದದ್ದು, ಮೇಲಿನದು ಆಮೇಲೆ. ಒಗೆಯಲು ಹಾಕಿದ ಬಟ್ಟೆಯ ರಾಶಿಯಲ್ಲಿ ಸೋಮವಾರದ ಅಂಗಿ ತಳದಲ್ಲಿ, ಶನಿವಾರದ್ದು ಮೇಲೆ. ಸರಳ ಮಾತು.

ಆದರೆ ಭೂಮಿ ಪದರಗಳನ್ನು ಹಾಗೇ ಇಟ್ಟಿರುವುದಿಲ್ಲ. ಮಡಿಸಿರುತ್ತದೆ, ನೆಟ್ಟಗೆ ನಿಲ್ಲಿಸಿರುತ್ತದೆ, ಕೆಲವು ಕಡೆ ಬೋರಲು ಹಾಕಿರುತ್ತದೆ. ಚಿತ್ರದುರ್ಗದ ಕಡೆ ಪದರಗಳು ಕಡಿದಾಗಿ ನಿಂತಿರುವ ಜಾಗಗಳಲ್ಲಿ ಎಡಗಡೆಯದು ಹಳತೋ ಬಲಗಡೆಯದು ಹಳತೋ ಎಂದು ಎತ್ತರ ನೋಡಿ ಹೇಳಲಾಗುವುದಿಲ್ಲ. ಆಗ ಕಲ್ಲಿನೊಳಗೇ “ಈ ಕಡೆ ಮೇಲು” ಎಂಬ ಗುರುತು ಹುಡುಕಬೇಕು. ನನ್ನ ಮಟ್ಟಿಗೆ ಇಡೀ ವಿದ್ಯೆಯಲ್ಲಿ ಅತ್ಯಂತ ಸಂತೋಷ ಕೊಡುವ ಕೆಲಸ ಇದು.

ಬಾದಾಮಿಯ ಓರೆಗೆರೆಗಳನ್ನೇ ತೆಗೆದುಕೊಳ್ಳಿ. ಹರಿಯುವ ನೀರು ಮರಳಿನ ದಿಬ್ಬವನ್ನು ಮುಂದೆ ತಳ್ಳುತ್ತ ಹೋದಾಗ ದಿಬ್ಬದ ಇಳಿಜಾರಿನಲ್ಲಿ ಮರಳು ಓರೆಯಾಗಿ ಜಾರಿ ಕೂರುತ್ತದೆ. ಈ ಗೆರೆಗಳು ತಳಕ್ಕೆ ಬಂದಾಗ ದೋಣಿಯ ತಳದಂತೆ ಮೆಲ್ಲಗೆ ಬಾಗಿ ಸೇರುತ್ತವೆ. ಮೇಲ್ತುದಿಯಲ್ಲಿ, ಮುಂದಿನ ಪ್ರವಾಹ ಕೊಚ್ಚಿದ್ದರಿಂದ, ಚಾಕುವಿನಲ್ಲಿ ಕೊಯ್ದಂತೆ ಥಟ್ಟನೆ ನಿಲ್ಲುತ್ತವೆ. ಬಾಗಿ ಸೇರುವ ತುದಿ ಕೆಳಗೆ, ಕೊಯ್ದ ತುದಿ ಮೇಲೆ. ಗೆರೆ ಇಳಿಯುವ ದಿಕ್ಕೇ ನೀರು ಹರಿದ ದಿಕ್ಕು. ಅಲೆಗುರುತು ಎರಡೂ ಬದಿ ಸಮವಾಗಿದ್ದರೆ ಹಿಂದಕ್ಕೂ ಮುಂದಕ್ಕೂ ಆಡುವ ತೆರೆಯ ನೀರು. ಒಂದು ಬದಿ ಮಾತ್ರ ಕಡಿದಾಗಿದ್ದರೆ ಒಂದೇ ಕಡೆಗೆ ಹರಿದ ನೀರು. ಕೆರೆ ಬತ್ತಿದಾಗ ಬಿಡುವಂಥ ಬಿರುಕು ಕಲ್ಲಿನಲ್ಲಿ ಕಂಡರೆ ಅದು ಕೆಳಕ್ಕೆ ಹೋಗುತ್ತ ಸಣ್ಣದಾಗುತ್ತದೆ. ಅಂದರೆ ಮೊನೆ ಇರುವ ಕಡೆ ಕೆಳಗು. ಒಂದೇ ಪದರದಲ್ಲಿ ದಪ್ಪ ಕಣ ತಳದಲ್ಲಿದ್ದು ಮೇಲೇರಿದಂತೆ ನುಣುಪಾದರೆ, ಕದಡಿದ ನೀರು ತಿಳಿಯಾಗುತ್ತ ಬಂದಿದೆ.

ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ಇನ್ನೂ ಚೆಂದದ ಗುರುತು ಇದೆ. ಹಸಿರು ಛಾಯೆಯ ಕಪ್ಪು ಬಂಡೆ, ಅದರ ತುಂಬ ದಿಂಬಿನಾಕಾರದ ಉಬ್ಬುಗಳು, ಗೋದಾಮಿನಲ್ಲಿ ಭತ್ತದ ಮೂಟೆ ಒಟ್ಟಿದ ಹಾಗೆ. ಲಾವಾ ನೀರಿನೊಳಗೆ ಉಕ್ಕಿದಾಗ ಹೊರಮೈ ತಕ್ಷಣ ಗಟ್ಟಿಯಾಗಿ ಹೀಗೆ ಮೂಟೆಗಟ್ಟುತ್ತದೆ. ಈಗಲೂ ಸಮುದ್ರದ ತಳದಲ್ಲಿ ಇದು ನಡೆಯುತ್ತಿದೆ. ಒಂದು ಮೂಟೆಯ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಒಂದು ಬದಿ ದುಂಡಗೆ ಉಬ್ಬಿರುತ್ತದೆ. ಇನ್ನೊಂದು ಬದಿ ಮೊದಲೇ ಬಿದ್ದಿದ್ದ ಎರಡು ಮೂಟೆಗಳ ಸಂದಿಗೆ ಇಳಿದು ಚೂಪಾಗಿರುತ್ತದೆ. ಚೂಪು ಕೆಳಗು, ಉಬ್ಬು ಮೇಲು. ಇಷ್ಟು ನೋಡಿದವರಿಗೆ ಎರಡು ವಿಷಯ ಸಿಕ್ಕಿತು: ಚಿತ್ರದುರ್ಗದ ಒಣನೆಲದಲ್ಲಿ ಒಮ್ಮೆ ನೀರಿನಡಿಯ ಜ್ವಾಲಾಮುಖಿ ಇತ್ತು, ಮತ್ತು ಆ ಪದರಗಳ ಸರಣಿ ಯಾವ ಕಡೆಯಿಂದ ಓದಬೇಕು ಎಂಬುದು.

ಹೆಜ್ಜೆ 3: ಯಾರು ಮೊದಲು, ಯಾರು ಆಮೇಲೆ?

ಇಲ್ಲಿ ಮೂರು ಸೂತ್ರ ನೆನಪಿಟ್ಟುಕೊಳ್ಳಿ. ಸೀಳಿಕೊಂಡು ಬಂದದ್ದು ಸೀಳಿಸಿಕೊಂಡದ್ದಕ್ಕಿಂತ ಕಿರಿಯದು. ಒಳಗೆ ಸಿಕ್ಕಿಕೊಂಡ ತುಂಡು ತನ್ನನ್ನು ನುಂಗಿದ ಕಲ್ಲಿಗಿಂತ ಹಿರಿಯದು. ವಾಲಿದ ಪದರಗಳನ್ನು ಕೊಯ್ದಂತೆ ಅವುಗಳ ಮೇಲೆ ಮಟ್ಟಸವಾದ ಪದರ ಕೂತಿದ್ದರೆ, ಆ ಗೆರೆಯ ಜಾಗದಲ್ಲಿ ಅಪಾರ ಕಾಲ ಕಾಣೆಯಾಗಿದೆ.

ಮೊದಲೆರಡನ್ನು ಬೆಂಗಳೂರಿನ ಲಾಲ್‌ಬಾಗಿನಲ್ಲೇ ಅಭ್ಯಾಸ ಮಾಡಬಹುದು. ಕೆಂಪೇಗೌಡ ಗೋಪುರ ಇರುವ ಬಂಡೆ ಪರ್ಯಾಯ ದ್ವೀಪದ ನೈಸ್ ಶಿಲೆ, ಅಂದರೆ ಬಿಸಿಗೂ ಒತ್ತಡಕ್ಕೂ ಸಿಕ್ಕಿ ಪಟ್ಟೆಪಟ್ಟೆಯಾದ ಕಲ್ಲು. ವಯಸ್ಸು ಸುಮಾರು 300 ಕೋಟಿ ವರ್ಷ. ಬೆಳಗಿನ ಓರೆ ಬಿಸಿಲಿನಲ್ಲಿ ಹೋಗಿ, ಜನ ನಡೆದು ನುಣುಪಾಗದ ಜಾಗ ಆರಿಸಿ ಕುಕ್ಕರಗಾಲಲ್ಲಿ ಕೂತುಕೊಳ್ಳಿ. ಬೂದು ಮತ್ತು ಬಿಳಿ ಪಟ್ಟೆಗಳು ಬಳುಕುತ್ತ ಸಾಗುತ್ತವೆ. ಅವುಗಳ ನಡುವೆ ಅಲ್ಲಲ್ಲಿ ಕಪ್ಪು ತುಂಡುಗಳು ಇವೆ, ಪಟ್ಟೆಗಳು ಅವನ್ನು ಬಳಸಿಕೊಂಡು ಹೋಗುತ್ತವೆ. ಪಟ್ಟೆಗಳನ್ನು ಲೆಕ್ಕಿಸದೆ ಅಡ್ಡಡ್ಡ ಓಡುವ ಬಿಳಿ ನಾಳಗಳೂ ಇವೆ. ಕಪ್ಪು ತುಂಡು ಎಲ್ಲಕ್ಕಿಂತ ಹಿರಿಯದು, ಪಟ್ಟೆಯ ನೈಸ್ ನಡುವಿನದು, ಅಡ್ಡ ಕೊಯ್ದ ನಾಳ ಕಿರಿಯದು. ಒಂದು ಚದರ ಮೀಟರ್ ಜಾಗದಲ್ಲಿ ಮೂರು ಘಟನೆಗಳ ಸರದಿ. ಯಾವ ಯಂತ್ರವೂ ಬೇಕಾಗಲಿಲ್ಲ.

ಇದೇ ಸೂತ್ರಗಳ ಮೇಲೆ ನಮ್ಮ ನಾಡಿನಲ್ಲಿ ದೊಡ್ಡ ವಾದವೇ ನಡೆದಿದೆ. ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ದಕ್ಷಿಣದ ಹಸಿರು-ಕಪ್ಪು ಪದರಶಿಲೆಗಳ ಪಟ್ಟಿಗಳಿಗೆ ಧಾರವಾಡದ ಹೆಸರಿಟ್ಟರು. ಅವರ ಪ್ರಕಾರ ನೈಸ್ ತಳಪಾಯ, ಧಾರವಾಡ ಶಿಲೆಗಳು ಅದರ ಮೇಲೆ ಕೂತವು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆಯಿತು. ಅಲ್ಲಿ ಮುಂದೆ ಡಬ್ಲ್ಯೂ. ಎಫ್. ಸ್ಮೀತ್ ತದ್ವಿರುದ್ಧ ಹೇಳಿದರು. ನೈಸ್ ಶಿಲೆಯ ನಾಳಗಳು ಪದರಶಿಲೆಯೊಳಕ್ಕೆ ನುಗ್ಗಿವೆ, ಪದರಶಿಲೆಯ ತುಂಡುಗಳು ನೈಸ್‌ನೊಳಗೆ ತೇಲುತ್ತಿವೆ, ಆದ್ದರಿಂದ ಪದರಶಿಲೆಯೇ ಹಿರಿಯದು. ಇಬ್ಬರೂ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದರು. ಗಂಟು ಬಿಡಿಸಿಕೊಂಡದ್ದು ಬಹಳ ತಡವಾಗಿ: ಪದರಶಿಲೆಗಳು ಒಂದೇ ಕಾಲದವಲ್ಲ, ಎರಡು ಪೀಳಿಗೆಯವು. ಮೈಸೂರು ಜಿಲ್ಲೆಯ ಸರಗೂರಿನ ಹೆಸರು ಹೊತ್ತ ಹಳೆಯ ಪೀಳಿಗೆ ನೈಸ್‌ನೊಳಗೆ ಸಿಕ್ಕಿಕೊಂಡಿದೆ. ಬಾಬಾಬುಡನ್, ಚಿತ್ರದುರ್ಗದ ಹೊಸ ಪೀಳಿಗೆ ನೈಸ್‌ನ ಮೇಲೆ, ಬೆಣಚುಕಲ್ಲಿನ ಉಂಡೆಗಳ ಪದರದೊಂದಿಗೆ ಶುರುವಾಗುತ್ತದೆ. ಈ ಕಥೆ ನೆನಪಿಟ್ಟುಕೊಳ್ಳಿ. ಒಂದೇ ಬಂಡೆ ನೋಡಿ ಇಡೀ ಸೀಮೆಯ ಕ್ರಮ ಬರೆಯಲು ಕೈ ತುರಿಸಿದಾಗ ಇದು ತಡೆಯುತ್ತದೆ.

ಮೂರನೇ ಸೂತ್ರಕ್ಕೆ ಜಗತ್ತಿನಲ್ಲೇ ಹೆಸರಾದ ಜಾಗ ಸ್ಕಾಟ್ಲೆಂಡಿನ ಸಿಕ್ಕರ್ ಪಾಯಿಂಟ್. 1788ರಲ್ಲಿ ಜೇಮ್ಸ್ ಹಟನ್ ದೋಣಿಯಲ್ಲಿ ಹೋಗಿ ನೋಡಿದ್ದು, ನೆಟ್ಟಗೆ ನಿಂತ ಬೂದು ಪದರಗಳ ಮೇಲೆ ಸ್ವಲ್ಪವೇ ವಾಲಿದ ಕೆಂಪು ಮರಳುಗಲ್ಲು. ಕೆಳಗಿನದು ಸಮುದ್ರದಲ್ಲಿ ಬಿದ್ದು, ಗಟ್ಟಿಯಾಗಿ, ಮಡಿಸಿಕೊಂಡು, ಮೇಲೆದ್ದು, ಸವೆದು ಮಟ್ಟವಾದಮೇಲಷ್ಟೆ ಮೇಲಿನದು ಬೀಳಲು ಸಾಧ್ಯ. ಅದಕ್ಕೆ ಕೆಲವು ಸಾವಿರ ವರ್ಷ ಸಾಲುವುದಿಲ್ಲ ಎಂದು ಹಟನ್‌ಗೆ ಹೊಳೆಯಿತು. ನಮ್ಮಲ್ಲಿ ಕಲಾದಗಿ ಸೀಮೆಯಲ್ಲಿ ಇದೇ ಬಗೆಯ ದೃಶ್ಯ ಇದೆ: ಕೆಳಗೆ ಮಡಿಕೆಬಿದ್ದ ಬಾಗಲಕೋಟೆ ಗುಂಪಿನ ಶಿಲೆಗಳು, ಮೇಲೆ ಹೆಚ್ಚುಕಡಿಮೆ ಮಟ್ಟಸವಾದ ಬಾದಾಮಿ ಗುಂಪು. ಅಂಥ ಗೆರೆ ಸಿಕ್ಕಿದರೆ ನೋಟ್‌ಬುಕ್ಕಿನಲ್ಲಿ ಅದನ್ನು ಅಲೆಅಲೆಯ ಗೆರೆಯಾಗಿ ಬರೆಯುವುದು ವಾಡಿಕೆ.

ಹೆಜ್ಜೆ 4: ಆಗ ಇಲ್ಲಿ ಏನಿತ್ತು?

ಈಗ ನಡೆಯುತ್ತಿರುವುದನ್ನು ನೋಡಿ ಆಗ ನಡೆದದ್ದನ್ನು ಊಹಿಸುವುದು ಇಲ್ಲಿನ ರೀತಿ. ಉರುಟು ಉಂಡೆಗಲ್ಲುಗಳ ಪದರ ಸಿಕ್ಕಿದರೆ ರಭಸದ ಹೊಳೆ ಅಥವಾ ಅಲೆ ಬಡಿಯುವ ದಡ. ನುಣುಪು ಜೇಡುಗಲ್ಲಾದರೆ ನಿಂತ ನೀರು.

ಕೆಲವೊಮ್ಮೆ ಮಾತ್ರ ಈಗ ಎಲ್ಲೂ ನಡೆಯದ ಸಂಗತಿ ಕಲ್ಲಿನಲ್ಲಿ ಸಿಗುತ್ತದೆ. ಆಗಲೇ ಇತಿಹಾಸ ಬಾಯಿಬಿಡುವುದು. ಬಾಬಾಬುಡನ್ ಗುಂಪಿನ ತಳದ ಉಂಡೆಗಲ್ಲು ಪದರಗಳಲ್ಲಿ ಪೈರೈಟ್ ಮತ್ತು ಯುರೇನಿನೈಟ್ ಎಂಬ ಖನಿಜಗಳ ಕಣಗಳಿವೆ. ಹೊಳೆಯಲ್ಲಿ ಉರುಳಿಕೊಂಡು ಬಂದ ಕಣಗಳವು. ಇಂದಿನ ಗಾಳಿಯಲ್ಲಿ, ನೀರಿನಲ್ಲಿ ಈ ಖನಿಜಗಳು ಅಷ್ಟು ದೂರ ಬಾಳುವುದೇ ಇಲ್ಲ, ತುಕ್ಕು ಹಿಡಿದು ಕರಗಿಹೋಗುತ್ತವೆ. ಹಾಗಾದರೆ ಅಂದಿನ ಗಾಳಿಯಲ್ಲಿ ಆಮ್ಲಜನಕ ಇರಲೇ ಇಲ್ಲ ಅನ್ನುವಷ್ಟು ಕಡಿಮೆ ಇದ್ದಿರಬೇಕು. ಕುದುರೆಮುಖ, ಸಂಡೂರಿನ ಕಬ್ಬಿಣದ ಅದಿರಿನ ಪಟ್ಟೆಗಳೂ ಇದೇ ಕಾಲದ ಮಾತು ಹೇಳುತ್ತವೆ. ಆಮ್ಲಜನಕವಿಲ್ಲದ ಸಮುದ್ರದಲ್ಲಿ ಕರಗಿಕೊಂಡೇ ಇದ್ದ ಕಬ್ಬಿಣ ಕೊನೆಗೆ ತಳಕ್ಕೆ ಇಳಿದು ಪದರವಾಯಿತು. ಗಾಳಿಯಲ್ಲಿ ಆಮ್ಲಜನಕ ಗಣನೀಯವಾಗಿ ಏರಿದ್ದು ಸುಮಾರು 240 ಕೋಟಿ ವರ್ಷಗಳ ಹಿಂದೆ. ಚಿಕ್ಕಮಗಳೂರಿನ ಬೆಟ್ಟದ ಕಲ್ಲು ಅದಕ್ಕಿಂತ ಹಿಂದಿನ ಗಾಳಿಗೆ ಸಾಕ್ಷಿ ಹೇಳುತ್ತಿದೆ ಎಂದು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ಹೆಜ್ಜೆ 5: ಪಳೆಯುಳಿಕೆಯನ್ನು ಪದರದೊಂದಿಗೆ ಓದಿ

ಪಳೆಯುಳಿಕೆ ಹುಡುಕಲು ಹೊರಟ ಕನ್ನಡಿಗರಿಗೆ ಮೊದಲೇ ಒಂದು ಮಾತು. ನಮ್ಮ ರಾಜ್ಯದ ಬಹುಪಾಲು ಕಲ್ಲು ಚಿಪ್ಪಿನ ಪ್ರಾಣಿಗಳು ಹುಟ್ಟುವ ಮೊದಲಿನದು. ಕಣ್ಣಿಗೆ ಕಾಣುವ ಚಿಪ್ಪು, ಮೂಳೆಗಳು ಪದರಗಳಲ್ಲಿ ಹೇರಳವಾಗುವುದು ಸುಮಾರು 54 ಕೋಟಿ ವರ್ಷಗಳಿಂದೀಚೆಗೆ. ಶಹಾಬಾದಿನ ಸುಣ್ಣಕಲ್ಲು, ಬಾದಾಮಿಯ ಮರಳುಗಲ್ಲು ಅದಕ್ಕಿಂತ ಹಳೆಯವು. ಅವುಗಳಲ್ಲಿ ಶಂಖ ಹುಡುಕಿ ನಿರಾಶರಾಗಬೇಡಿ.

ಆದರೆ ಜೀವದ ಗುರುತು ಇಲ್ಲವೆಂದಲ್ಲ. ಬಾಗಲಕೋಟೆ ಸೀಮೆಯ ಸುಣ್ಣಕಲ್ಲುಗಳಲ್ಲಿ, ಇನ್ನೂ ಹಿಂದಕ್ಕೆ ಹೋದರೆ ತುಮಕೂರು ಜಿಲ್ಲೆಯ ದೊಡ್ಡಗುಣಿ, ಶಿವಮೊಗ್ಗ ಜಿಲ್ಲೆಯ ಕುಂಸಿಯಂಥ ಕಡೆಗಳಲ್ಲಿ ಸ್ಟ್ರೊಮಾಟೊಲೈಟ್‌ಗಳಿವೆ. ಅಡ್ಡ ಕೊಯ್ದ ಎಲೆಕೋಸಿನಂತೆ ಪದರದ ಮೇಲೆ ಪದರ, ನಡುವೆ ಉಬ್ಬು. ಆಳವಿಲ್ಲದ ನೀರಿನಲ್ಲಿ ಲೋಳೆಯಂತೆ ಹರಡಿದ ಸೂಕ್ಷ್ಮಜೀವಿಗಳು ಕೆಸರು ಹಿಡಿದು, ಬೆಳಕಿಗಾಗಿ ಮತ್ತೆ ಮೇಲೆ ಬಂದು, ಹೀಗೆ ಗುಮ್ಮಟ ಕಟ್ಟಿದವು. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿ ಇವು ಇಂದಿಗೂ ಜೀವಂತ ಬೆಳೆಯುತ್ತಿವೆ. ಉಬ್ಬು ಯಾವಾಗಲೂ ಮೇಲ್ಮುಖ, ಹಾಗಾಗಿ ಎರಡನೇ ಹೆಜ್ಜೆಗೂ ಇವು ಆಗಿಬರುತ್ತವೆ.

ಪಳೆಯುಳಿಕೆಯ ನಿಜವಾದ ಪಾಠಕ್ಕೆ ಗಡಿ ದಾಟಿ ತಮಿಳುನಾಡಿನ ಅರಿಯಲೂರು, ಪೆರಂಬಲೂರಿನ ಕಡೆಗೆ ಹೋಗಬೇಕು. ಹೆನ್ರಿ ಬ್ಲಾನ್‌ಫರ್ಡ್ 1862ರಲ್ಲಿ ಇಲ್ಲಿನ ಪದರಗಳನ್ನು ಕೆಳಗಿನಿಂದ ಮೇಲಕ್ಕೆ ಊಟತ್ತೂರು, ತಿರುಚಿನಾಪಳ್ಳಿ, ಅರಿಯಲೂರು ಎಂದು ಮೂರು ಗುಂಪು ಮಾಡಿದರು. ಕ್ರಿಟೇಷಿಯಸ್ ಯುಗದಲ್ಲಿ, ಅಂದರೆ 14.5 ಕೋಟಿಯಿಂದ 6.6 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ, ಸಮುದ್ರ ಇಲ್ಲಿಗೆ ನುಗ್ಗಿ ಬಂದಿತ್ತು.

ಕಾರೈ ಊರಿನ ಬಳಿ ಮಳೆ ಕೊರೆದ ಬೋಳು ದಿಬ್ಬಗಳಿವೆ. ಜೇಡಿಮಣ್ಣಿನ ನಡುವೆ ಜಿಪ್ಸಂ ಹಾಳೆಗಳು ಬಿಸಿಲಿಗೆ ಗಾಜಿನಂತೆ ಮಿನುಗುತ್ತವೆ. ಅಲ್ಲಿ ಬಗ್ಗಿ ನಡೆದರೆ ಬಂದೂಕಿನ ಗುಂಡಿನಾಕಾರದ, ಬೆಲ್ಲದ ಬಣ್ಣದ ಕಡ್ಡಿಗಳು ಸಿಗುತ್ತವೆ. ಬೆಲೆಮ್ನೈಟ್, ಈಗಿನ ಸ್ಕ್ವಿಡ್‌ನ ದೂರದ ಬಳಗದ ಪ್ರಾಣಿಯ ಒಳಗಿನ ಗಟ್ಟಿ ಭಾಗ. ಮುರಿದ ತುದಿಯನ್ನು ಲೆನ್ಸಿನಲ್ಲಿ ನೋಡಿದರೆ ನಡುವಿನಿಂದ ಹೊರಕ್ಕೆ ಕಿರಣದಂತೆ ಹರಡಿದ ನಾರುಗಳು, ಮರದ ಉಂಗುರದಂಥ ಸುತ್ತುಗಳು. ನೋಡಿ, ಫೋಟೋ ತೆಗೆದು, ಅಲ್ಲೇ ಇಡಿ. ಈ ಮಾತನ್ನು ನಾನು ಬೇಡಿಕೊಂಡು ಹೇಳುತ್ತಿದ್ದೇನೆ. ಜೇಬಿಗೆ ಸೇರಿದ ಬೆಲೆಮ್ನೈಟ್ ಶೋಕೇಸಿನ ವಸ್ತು. ಪದರದಲ್ಲಿದ್ದ ಬೆಲೆಮ್ನೈಟ್ ಇಡೀ ದಿಬ್ಬ ಸಮುದ್ರದ ತಳವಾಗಿತ್ತು ಎನ್ನುವ ಸಾಕ್ಷಿ.

ಅಲ್ಲಿಂದ ಹತ್ತಿರದ ಸಾತ್ತನೂರಿನಲ್ಲಿ ಸುಮಾರು 18 ಮೀಟರ್ ಉದ್ದದ, ಕಲ್ಲಾಗಿ ಮಲಗಿದ ಮರ ಇದೆ. ಸಮುದ್ರದ ಪದರದಲ್ಲಿ ಮರವೇಕೆ ಎಂಬ ಪ್ರಶ್ನೆ ಬರಬೇಕು. ಕಾಡಿನಿಂದ ನದಿ ಹೊತ್ತು ತಂದು ಕಡಲಿಗೆ ಹಾಕಿದೆ, ದಡ ದೂರವಿರಲಿಲ್ಲ. ಪಳೆಯುಳಿಕೆ ಸಿಕ್ಕಿದಾಗಲೆಲ್ಲ ಹೀಗೆ ಕೇಳಬೇಕು: ಇದು ಇಲ್ಲೇ ಬದುಕಿದ್ದೋ, ಸತ್ತಮೇಲೆ ಬಂದದ್ದೋ? ಚಿಪ್ಪಿನ ಎರಡು ಹೋಳೂ ಕೂಡಿಕೊಂಡೇ ಇದ್ದರೆ ಹೆಚ್ಚು ದೂರ ಉರುಳಿಲ್ಲ. ಪುಡಿಪುಡಿಯಾಗಿ ಒಂದೇ ಗಾತ್ರಕ್ಕೆ ಜರಡಿ ಹಿಡಿದಂತಿದ್ದರೆ ಅಲೆ ಆಡಿಸಿದೆ. ಹಳೆಯ ಪದರದಿಂದ ಸವೆದು ಬಂದ ಚಿಪ್ಪು ಹೊಸ ಪದರದಲ್ಲಿ ಕೂತು ಮೋಸ ಮಾಡುವುದೂ ಉಂಟು.

ಪಳೆಯುಳಿಕೆಯಿಂದ ಕಾಲ ಗುರುತಿಸಬಹುದೆಂದು ತೋರಿಸಿದವರು ಕಾಲುವೆ ಅಗೆಸುತ್ತಿದ್ದ ಇಂಗ್ಲೆಂಡಿನ ಸರ್ವೇಯರ್ ವಿಲಿಯಂ ಸ್ಮಿತ್. ಒಂದೇ ತರಹ ಕಾಣುವ ಎರಡು ಸುಣ್ಣಕಲ್ಲಿನ ಪದರಗಳನ್ನು ಅವುಗಳೊಳಗಿನ ಚಿಪ್ಪುಗಳಿಂದ ಬೇರೆ ಮಾಡಬಹುದು, ಆ ಚಿಪ್ಪುಗಳ ಸರದಿ ಊರಿಂದೂರಿಗೆ ತಪ್ಪುವುದಿಲ್ಲ ಎಂದು ಅವರು ಕಂಡುಕೊಂಡರು. ಅದರ ಬಲದಿಂದ 1815ರಲ್ಲಿ ಇಂಗ್ಲೆಂಡಿನ ಶಿಲಾ ನಕ್ಷೆ ಹೊರತಂದರು. ಎಲ್ಲ ಪಳೆಯುಳಿಕೆಗೂ ಈ ಶಕ್ತಿ ಇಲ್ಲ. ಆ ಜೀವಿ ಬಹಳ ಕಡೆ ಹರಡಿರಬೇಕು, ಬೇಗ ಅಳಿದಿರಬೇಕು, ಗುರುತಿಸಲು ಸುಲಭವಾಗಿರಬೇಕು. ಸುರುಳಿ ಚಿಪ್ಪಿನ ಅಮೊನೈಟ್‌ಗಳು ಮೂರರಲ್ಲೂ ಪಾಸು.

ಅಮೊನೈಟ್ ಎಂದರೆ ಅಪರಿಚಿತ ಹೆಸರೆನಿಸಬಹುದು. ಆದರೆ ನಮ್ಮಲ್ಲಿ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಅದು ಇದೆ. ಚಕ್ರವಿರುವ ಸಾಲಿಗ್ರಾಮ ಅಮೊನೈಟಿನದೇ ಅಚ್ಚು. ನೇಪಾಳದ ಗಂಡಕಿ ನದಿ ಅದನ್ನು ಉರುಳಿಸಿ ನುಣುಪು ಮಾಡಿ ತಂದಿದೆ. ನದಿಯಲ್ಲಿ ಸಿಕ್ಕಿದ ಆ ಕಲ್ಲು ಒಂಟಿಯಾಗಿ ತನ್ನ ವಯಸ್ಸು ಹೇಳದು. ಅದರ ಊರು ಗೊತ್ತಾದದ್ದು, ಅದೇ ಜಾತಿಯ ಅಮೊನೈಟ್‌ಗಳು ಮೇಲೆ ಹಿಮಾಲಯದ ಕಪ್ಪು ಜೇಡುಗಲ್ಲಿನ ಪದರಗಳಲ್ಲಿ ಕೂತ ಜಾಗದಲ್ಲೇ ಸಿಕ್ಕಿದ್ದರಿಂದ. ಸುಮಾರು 15 ಕೋಟಿ ವರ್ಷಗಳ ಹಿಂದೆ ಭಾರತಕ್ಕೂ ಏಷ್ಯಾಕ್ಕೂ ನಡುವೆ ಇದ್ದ ಟೆಥಿಸ್ ಸಮುದ್ರದ ತಳ ಅದು. ಎರಡು ಭೂಖಂಡ ಡಿಕ್ಕಿ ಹೊಡೆದಾಗ ಆ ತಳವೇ ಬೆಟ್ಟದ ಮೇಲೇರಿತು.

ಹೀಗೆ ದೂರದ ಊರುಗಳನ್ನು ಜೋಡಿಸುವ ಶಕ್ತಿಗೆ ಇನ್ನೊಂದು ಹೆಸರು ಗ್ಲಾಸೊಪ್ಟೆರಿಸ್, ನಾಲಿಗೆಯಾಕಾರದ ಎಲೆ. ಭಾರತ, ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ಅಂಟಾರ್ಕ್ಟಿಕಾ ಎಲ್ಲ ಕಡೆಯೂ ಒಂದೇ ಕಾಲದ ಪದರಗಳಲ್ಲಿ ಸಿಗುತ್ತದೆ. ಗೊಂಡರ ನಾಡಿನ ಹೆಸರಿನಿಂದ ಗೊಂಡ್ವಾನ ಎಂದು ಕರೆದ ಮಹಾಖಂಡಕ್ಕೆ ಇದು ಬಲವಾದ ಸಾಕ್ಷಿ. ದಕ್ಷಿಣ ಧ್ರುವದಿಂದ ಮರಳುವಾಗ 1912ರಲ್ಲಿ ಹಿಮದಲ್ಲಿ ಪ್ರಾಣಬಿಟ್ಟ ಸ್ಕಾಟ್ ಮತ್ತು ಸಂಗಡಿಗರು ಕೊನೆಯವರೆಗೂ ಎಳೆದು ತಂದಿದ್ದ ಸುಮಾರು 16 ಕಿಲೋ ಕಲ್ಲುಗಳಲ್ಲಿ ಈ ಎಲೆಯ ಗುರುತು ಇತ್ತು.

ಹೆಜ್ಜೆ 6: ಈಗ ವರ್ಷ ಕೇಳಿ

ಇಲ್ಲಿಯವರೆಗೆ ನಿಮಗೆ ಸಿಕ್ಕಿದ್ದು ಸರದಿ. ಅಂಕಿ ಕೊಡುವುದು ವಿಕಿರಣಶೀಲ ಧಾತುಗಳು, ಇದು ಪ್ರಯೋಗಾಲಯದ ಕೆಲಸ. ಗ್ರಾನೈಟಿನಲ್ಲಿ ಜಿರ್ಕಾನ್ ಎಂಬ ಮರಳಿನ ಕಣದಷ್ಟು ಸಣ್ಣ ಹರಳಿರುತ್ತದೆ. ಹರಳುಗಟ್ಟುವಾಗ ಅದು ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಹತ್ತಿರ ಸೇರಿಸುವುದಿಲ್ಲ. ಆಮೇಲೆ ಒಳಗೆ ಸಿಕ್ಕುವ ಸೀಸವೆಲ್ಲ ಯುರೇನಿಯಂ ಒಡೆದು ಆದದ್ದು. ಯುರೇನಿಯಂ-238ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧದಷ್ಟು ಒಡೆಯಲು ಬೇಕಾದ ಕಾಲ, ಸುಮಾರು 447 ಕೋಟಿ ವರ್ಷ, ಯುರೇನಿಯಂ-235ರದು ಸುಮಾರು 70 ಕೋಟಿ. ಅಂದರೆ ಒಂದೇ ಹರಳಿನಲ್ಲಿ ಎರಡು ಗಡಿಯಾರ.

ಲೆಕ್ಕ ಹಾಕಿ ನೋಡೋಣ. 300 ಕೋಟಿ ವರ್ಷದ ಹರಳಿನಲ್ಲಿ ಮೊದಲನೇ ಬಗೆಯ ಯುರೇನಿಯಂ ನೂರಕ್ಕೆ ಸುಮಾರು 63 ಉಳಿದಿರುತ್ತದೆ, ಎರಡನೆಯದು ನೂರಕ್ಕೆ ಸುಮಾರು 5 ಮಾತ್ರ. ಎರಡೂ ಒಂದೇ ವಯಸ್ಸು ತೋರಿಸಿದರೆ ನಂಬಬಹುದು. ತೋರಿಸದಿದ್ದರೆ ನಡುವೆ ಎಂದೋ ಕಲ್ಲು ಬಿಸಿಯಾಗಿ ಸೀಸ ಸೋರಿದೆ ಎಂದರ್ಥ, ಮತ್ತು ಆ ಬಿಸಿಯೂ ಚರಿತ್ರೆಯ ಒಂದು ಘಟನೆ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕಿದ ಜಿರ್ಕಾನ್ ಕಣ 440 ಕೋಟಿ ವರ್ಷ ಹಳೆಯದು. ಭೂಮಿಯ ವಯಸ್ಸು ಸುಮಾರು 455 ಕೋಟಿ ವರ್ಷ ಎಂದು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಲೆಕ್ಕ ಹಾಕಿದ್ದೂ ಸೀಸದಿಂದಲೇ, ಉಲ್ಕಾಶಿಲೆಗಳ ಸೀಸವನ್ನು ಅಳೆದು.

ಇಲ್ಲಿ ಜನ ಎರಡು ಕಡೆ ಎಡವುತ್ತಾರೆ. ಕಾರ್ಬನ್-14ರಿಂದ ಬಂಡೆಯ ವಯಸ್ಸು ಕೇಳುವುದು ಒಂದು. ಅದರ ಅರ್ಧಾಯುಷ್ಯ 5,730 ವರ್ಷ, 50 ಸಾವಿರ ವರ್ಷ ದಾಟಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಇನ್ನೊಂದು, ಮರಳುಗಲ್ಲಿನೊಳಗಿನ ಜಿರ್ಕಾನ್ ತೋರುವ ವಯಸ್ಸನ್ನೇ ಮರಳುಗಲ್ಲಿನ ವಯಸ್ಸು ಎನ್ನುವುದು. ಆ ಕಣ ಯಾವುದೋ ಹಳೆಯ ಗ್ರಾನೈಟ್ ಸವೆದು ಬಂದದ್ದು. ಮರಳುಗಲ್ಲು ಅದಕ್ಕಿಂತ ಕಿರಿಯದು ಎಂದಷ್ಟೆ ಹೇಳಬಹುದು.

ಹಾಗಾದರೆ ಪಳೆಯುಳಿಕೆ ಇರುವ ಪದರಕ್ಕೆ ವರ್ಷ ಹಾಕುವುದು ಹೇಗೆ? ಎರಡು ಬದಿಯಿಂದ ಹಿಡಿದು. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ ದಖನ್ನಿನ ಲಾವಾ ಹಾಸುಗಳ ನಡುವೆ ತೆಳ್ಳನೆ ಕೆಸರಿನ ಪದರ ಇದೆ. ಎರಡು ಲಾವಾ ಹರಿವುಗಳ ಮಧ್ಯದ ಬಿಡುವಿನಲ್ಲಿ ಆಗಿದ್ದ ಕೆರೆಯ ಕೆಸರು ಅದು, ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಚಿಪ್ಪಿನ ಜೀವಿಗಳು. ನಮ್ಮ ನೆಲದ ಅಪರೂಪದ ಚಿಪ್ಪುಗಳಿವು. ಕೆಸರಿಗೆ ಗಡಿಯಾರವಿಲ್ಲ, ಲಾವಾಕ್ಕೆ ಇದೆ. ದಖನ್ನಿನ ಲಾವಾದ ಬಹುಪಾಲು ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಕೆಳಗಿನ ಹಾಸಿಗಿಂತ ಕಿರಿಯ, ಮೇಲಿನದಕ್ಕಿಂತ ಹಿರಿಯ ಎಂದಮೇಲೆ ಕೆರೆಯ ವಯಸ್ಸೂ ಸಿಕ್ಕಿತು. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪದ ಕಂಬಕಲ್ಲುಗಳು ಇದಕ್ಕಿಂತ ಹಿಂದಿನ ಲಾವಾ, ಸುಮಾರು 8.8 ಕೋಟಿ ವರ್ಷದ್ದು. ಮಡಗಾಸ್ಕರ್‌ನಲ್ಲೂ ಅದೇ ವಯಸ್ಸಿನ ಲಾವಾ ಇದೆ. ಎರಡೂ ನೆಲ ಬೇರ್ಪಟ್ಟ ಕಾಲ ತಿಳಿದದ್ದು ಹೀಗೆ.

ಹೆಜ್ಜೆ 7: ಒಂದು ಹಾಳೆಯ ಮೇಲೆ

ಕಡೆಗೆ ಎಲ್ಲವನ್ನೂ ಕೆಳಗಿನಿಂದ ಮೇಲಕ್ಕೆ ಒಂದು ಉದ್ದದ ಕಂಬದ ಚಿತ್ರವಾಗಿ ಬರೆಯಿರಿ. ಕಂಡದ್ದನ್ನು ಗಟ್ಟಿ ಗೆರೆಯಲ್ಲಿ, ಊಹಿಸಿದ್ದನ್ನು ಚುಕ್ಕಿ ಗೆರೆಯಲ್ಲಿ. ಈ ಭೇದ ಬಿಟ್ಟರೆ ವರ್ಷ ಕಳೆದಮೇಲೆ ಯಾವುದು ಸಾಕ್ಷಿ, ಯಾವುದು ನಿಮ್ಮ ಮನಸ್ಸಿನದು ಎಂದು ನಿಮಗೇ ತಿಳಿಯುವುದಿಲ್ಲ. ಆಮೇಲೆ ಆ ಹಾಳೆಯನ್ನು ಇನ್ನೊಬ್ಬರ ಕೈಗೆ ಕೊಟ್ಟು, ಅದೇ ಬಂಡೆಯ ಮುಂದೆ ನಿಲ್ಲಿಸಿ, ತಪ್ಪು ಹುಡುಕಲು ಹೇಳಿ.

ಮೊದಲ ಅಭ್ಯಾಸಕ್ಕೆ ನಾನು ಸೂಚಿಸುವ ಜಾಗ ಗೋಕಾಕ. ಮಳೆಗಾಲ ಮುಗಿದು ನೀರು ಇಳಿದಮೇಲೆ ಹೋಗಿ, ದಂಡೆಯಿಂದ ಸುರಕ್ಷಿತ ದೂರದಲ್ಲಿ ನಿಂತು ನೋಡಿ. ಹಾಳೆಯ ತಳದಲ್ಲಿ ಕಲಾದಗಿ ಬೇಸಿನ್ನಿನ ಮರಳುಗಲ್ಲು ಬರೆಯಿರಿ: ನೀರಿನಲ್ಲಿ ಬಿದ್ದ ಮರಳು, ಚಿಪ್ಪುಗಳಿಲ್ಲದ ಕಾಲ. ಅದರ ಮೇಲೆ ಒಂದು ಅಲೆಅಲೆಯ ಗೆರೆ, ಪಕ್ಕದಲ್ಲಿ “ಇಲ್ಲಿ ಹಲವು ಹತ್ತು ಕೋಟಿ ವರ್ಷ ಕಾಣೆ” ಎಂಬ ಟಿಪ್ಪಣಿ. ಗೆರೆಯ ಮೇಲೆ, ಸುತ್ತಲಿನ ಎತ್ತರದ ನೆಲದಲ್ಲಿ ಕಾಣುವ ಕಪ್ಪು ಬಸಾಲ್ಟ್, 6.6 ಕೋಟಿ ವರ್ಷ. ಅದರ ಮೇಲೆ ಆ ಕಲ್ಲು ಕೊಳೆತು ಆದ ಎರೆಮಣ್ಣು, ಮಣ್ಣಿನ ಮೇಲೆ ಜೋಳದ ಹೊಲ. ಇಷ್ಟನ್ನೂ ಸೀಳಿಕೊಂಡು 52 ಮೀಟರ್ ಕೆಳಕ್ಕೆ ಧುಮುಕುವ ಘಟಪ್ರಭೆಯನ್ನು ಎಲ್ಲಿ ಬರೆಯುತ್ತೀರಿ? ಮೂರನೇ ಹೆಜ್ಜೆಯ ಸೂತ್ರ ನೋಡಿಕೊಳ್ಳಿ: ಸೀಳಿಕೊಂಡು ಬಂದದ್ದು ಕಿರಿಯದು. ಅವಳ ಹೆಸರು ಎಲ್ಲಕ್ಕಿಂತ ಮೇಲೆ, ಮುಂದೆ ವರ್ಷದ ಅಂಕಿ ಇಲ್ಲದೆ.